ಪದಚರ್ಚೆ: ವಿಮಾನ ನಿಲ್ದಾಣಕ್ಕೆ ‘ಸಾರ್ವಜನಿಕ’ ಸೇರಿದರೆ ಏನರ್ಥ?

ಎಲ್ಲರಿಗೂ ನಮಸ್ಕಾರ.

ಹಾಸನದಿಂದ ಬರೆಯುತ್ತಿದ್ದೇನೆ. ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ಬಂದಿದೆ. ಒಳಗಿನ ಪುಟಗಳು ಹೇಗೋ ಸಾಗುತ್ತಿವೆ, ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ಸದ್ಯಕ್ಕೆ ‘ಪ್ರಾದೇಶಿಕ ಸಾರ್ವಜನಿಕ ವಿಮಾನ ನಿಲ್ದಾಣಗಳ ಅಭಿವೃದ್ಧಿ ಮತ್ತು ನಿರ್ವಹಣೆ’ ಅಂತ ಬರೆದಿಟ್ಟಿದ್ದೇನೆ. ವ್ಯಾಕರಣದಲ್ಲಿ ತಪ್ಪಿಲ್ಲ, ಪತ್ರಿಕೆಗಳಲ್ಲೂ ಹೀಗೇ ಇರುತ್ತದೆ. ಆದರೆ ಇದನ್ನು ಓದಿದವರಿಗೆ ಏನು ತಿಳಿಯುತ್ತದೆ? ಇದು ವಿಮಾನ ನಿಲ್ದಾಣದ ಸುತ್ತಮುತ್ತಲ ಊರಿನವರು ಓದಲಿ ಅಂತಲೇ ಮಾಡಿಸುತ್ತಿರುವ ಕೈಪಿಡಿ.

ಹೋದ ಭಾನುವಾರ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅವರದು ಆಲೂಗಡ್ಡೆ, ರಾಗಿ, ಮುಸುಕಿನ ಜೋಳದ ಬೇಸಾಯ. ಜಗಲಿ ಮೇಲೆ ಕೂತು ಮೊದಲ ಹಾಳೆಯನ್ನು ಅವರಿಗೆ ಕೊಟ್ಟೆ. ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತಾ ಒಂದೊಂದೇ ಪದ ಓದಿದರು. ‘ಸಾರ್ವಜನಿಕ’ ಅನ್ನುವ ಕಡೆ ಹೆಬ್ಬೆರಳು ಒತ್ತಿ ಹಿಡಿದು ಕೇಳಿದರು: “ಅಲ್ಲ ಕಣಪ್ಪ, ಸಾರ್ವಜನಿಕ ಅಂತ ಬರ್ದವ್ರಲ್ಲ, ಟಿಕೆಟ್ ಇಲ್ದೆ ನಮ್ಮನ್ನ ಒಳಗೆ ಬಿಡ್ತಾರಾ?”

ಬಿಡುವುದಿಲ್ಲ. ಬಾಗಿಲಲ್ಲೇ ಟಿಕೆಟ್ಟು, ಗುರುತಿನ ಚೀಟಿ ಎರಡೂ ನೋಡುತ್ತಾರೆ. ಬಸ್ ನಿಲ್ದಾಣದಲ್ಲಿ ಟಿಕೆಟ್ ಇಲ್ಲದವರೂ ಕೂತು ಕಾಫಿ ಕುಡಿದು ಬರಬಹುದು, ಅಲ್ವಾ? ಹಾಗಾದರೆ ವಿಮಾನ ನಿಲ್ದಾಣದ ಯಾವ ಭಾಗ ಸಾರ್ವಜನಿಕ? ದೊಡ್ಡಪ್ಪನಿಗೆ ಆವತ್ತು ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಮನೆಗೆ ಬಂದು ಹುಡುಕಿದೆ.

ಕನ್ನಡದಲ್ಲಿ ಈ ಪದವನ್ನು ನಾವು ಎಷ್ಟು ಕಡೆ ಬಳಸುತ್ತೇವೆ ನೋಡಿ. ‘ಸಾರ್ವಜನಿಕ ಗಣಪತಿ’ ಅಂದರೆ ಬೀದಿಯವರೆಲ್ಲ ಚಂದಾ ಎತ್ತಿ ಕೂರಿಸಿದ ಗಣಪತಿ, ಅದರಲ್ಲಿ ಸರ್ಕಾರದ ಸುದ್ದಿಯೇ ಇಲ್ಲ. ‘ಸಾರ್ವಜನಿಕ ವಲಯದ ಬ್ಯಾಂಕು’ ಅಂದರೆ ಪೂರ್ತಿ ಉಲ್ಟಾ, ಸರ್ಕಾರದ ಒಡೆತನ. ‘ಸಾರ್ವಜನಿಕರಿಗೆ ಪ್ರವೇಶವಿಲ್ಲ’ ಅಂತ ಕಚೇರಿ ಬಾಗಿಲಲ್ಲಿ ಬೋರ್ಡು ಹಾಕಿದಾಗ ಅಲ್ಲಿ ಸಾರ್ವಜನಿಕರು ಅಂದರೆ ಆ ಕಚೇರಿಯ ಸಿಬ್ಬಂದಿ ಬಿಟ್ಟು ಉಳಿದ ನಾವೆಲ್ಲ. ಮೂರೂ ಸರಿಯಾದ ಬಳಕೆಗಳೇ. ಒಡೆತನ ಒಂದು, ಬಳಕೆ ಇನ್ನೊಂದು, ಜನ ಮತ್ತೊಂದು. ಒಂದೇ ಪದ ಈ ಮೂರನ್ನೂ ಹೊತ್ತುಕೊಂಡಿದೆ, ವಿಮಾನ ನಿಲ್ದಾಣದ ಮುಂದೆ ಬಂದು ನಿಂತಾಗ ಯಾವುದನ್ನು ಹೇಳುತ್ತಿದೆ ಅಂತ ಗೊತ್ತಾಗುವುದಿಲ್ಲ.

ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು ವಿಮಾನ ನಿಲ್ದಾಣಗಳಿಗೆ ಕೊಡುವ ಪರವಾನಗಿ ಎರಡು ಬಗೆ. ಒಂದು ಸಾರ್ವಜನಿಕ ಬಳಕೆಯದು, ಇನ್ನೊಂದು ಖಾಸಗಿ ಬಳಕೆಯದು. ಇಲ್ಲಿ ‘ಸಾರ್ವಜನಿಕ’ ಅನ್ನುವುದು ಮಾಲೀಕರು ಯಾರು ಅನ್ನುವ ಮಾತಲ್ಲ. ಶುಲ್ಕ ಕಟ್ಟಿ ನಿಯಮ ಪಾಲಿಸುವ ಯಾವ ವಿಮಾನಕ್ಕಾದರೂ ಒಂದೇ ಷರತ್ತಿನಲ್ಲಿ ಇಳಿಯಲು ಬಿಡಬೇಕು, ಅಷ್ಟೆ. ಬೆಂಗಳೂರಿನ ದೇವನಹಳ್ಳಿಯದನ್ನೇ ತಗೊಳ್ಳಿ. ಅದನ್ನು ನಡೆಸುವ ಕಂಪನಿಯಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರದ್ದು ನೂರಕ್ಕೆ 13 ಪಾಲು, ರಾಜ್ಯದ ನಿಗಮದ್ದು 13 ಪಾಲು, ಉಳಿದದ್ದು ಖಾಸಗಿಯವರದು. ಆದರೂ ಅದು ಸಾರ್ವಜನಿಕ ಬಳಕೆಯದೇ. ಬಳ್ಳಾರಿ ಜಿಲ್ಲೆ ತೋರಣಗಲ್ಲಿನದು ಉಕ್ಕಿನ ಕಾರ್ಖಾನೆಯವರು ಕಟ್ಟಿಕೊಂಡದ್ದು, ಚಿಕ್ಕ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆ ಬಂದ ಮೇಲೆ ಅಲ್ಲಿಂದಲೂ ಜನ ಟಿಕೆಟ್ ತಗೊಂಡು ಹಾರಿದ್ದಾರೆ. ಶಿವಮೊಗ್ಗದ ಸೋಗಾನೆಯದು ಮಾತ್ರ ಎರಡು ಅರ್ಥದಲ್ಲೂ ಸಾರ್ವಜನಿಕ. 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು, ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು, ನಡೆಸುತ್ತಿರುವುದು ರಾಜ್ಯ ಸರ್ಕಾರದ ಕೈಗಾರಿಕಾ ಮೂಲಸೌಲಭ್ಯ ನಿಗಮ.

ಇನ್ನೂ ಒಂದು ಬಳಕೆ ಇದೆ, ನಮ್ಮ ಕಡೆ ಇದೇ ಎಲ್ಲಕ್ಕಿಂತ ತೂಕದ್ದು: ‘ಸಾರ್ವಜನಿಕ ಉದ್ದೇಶ’. ಜಮೀನು ತೆಗೆದುಕೊಳ್ಳುವ ನೋಟಿಸಿನಲ್ಲಿ ಬರುವ ಪದ. 1894ರ ಕಾಯ್ದೆಯಲ್ಲೂ ಇತ್ತು, ಅದರ ಜಾಗಕ್ಕೆ ಬಂದ 2013ರ ಕಾಯ್ದೆಯಲ್ಲೂ ಇದೆ. ಹೊಸ ಕಾಯ್ದೆ ಪ್ರಕಾರ ಸರ್ಕಾರ ತಾನೇ ಬಳಸಿ ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳುವುದಾದರೆ ಜಮೀನಿನವರ ಒಪ್ಪಿಗೆ ಕಡ್ಡಾಯವಲ್ಲ. ಸರ್ಕಾರ ಮತ್ತು ಖಾಸಗಿ ಸೇರಿ ಮಾಡುವುದಾದರೆ ನೂರಕ್ಕೆ 70 ಕುಟುಂಬ ಒಪ್ಪಬೇಕು. ಪೂರ್ತಿ ಖಾಸಗಿ ಕಂಪನಿಗಾದರೆ 80. ಅಂದರೆ ‘ಸಾರ್ವಜನಿಕ’ ಅನ್ನುವ ಪದವನ್ನು ಒಡೆತನದ ಅರ್ಥದಲ್ಲಿ ಓದಿಕೊಂಡ ರೈತ ‘ಓ ಇದು ಸರ್ಕಾರದ್ದು, ನಮ್ಮನ್ನು ಕೇಳುವ ಹಾಗಿಲ್ಲ’ ಅಂದುಕೊಂಡು ಸುಮ್ನೆ ಕೂರಬಹುದು. ಆದರೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ಬಳಕೆಯ ಅರ್ಥ. ಅನುವಾದದ ತಪ್ಪು ಹಾಳೆಯ ಮೇಲೇ ಉಳಿದರೆ ತಿದ್ದಬಹುದು, ಇದು ಒಬ್ಬರ ಹೊಲದವರೆಗೆ ಹೋಗುತ್ತದೆ. ನನಗೆ ನಿದ್ದೆ ಬರದೆ ಇರುವುದು ಈ ಕಾರಣಕ್ಕೆ.

ದೊಡ್ಡಪ್ಪ ಇದನ್ನು ಬೇರೆ ದಾರಿಯಲ್ಲಿ ಅರ್ಥ ಮಾಡಿಕೊಂಡಿದ್ದರು. ಒಳಗೆ ಹೋಗಿ ಪಹಣಿ ತಂದು ‘ಬಿ ಖರಾಬು’ ಅನ್ನುವ ಕಾಲಂ ತೋರಿಸಿದರು. ಹೊಲದ ಅಂಚಿನಲ್ಲಿ ಹಳ್ಳ, ದಾರಿ ಇದ್ದರೆ ಅಷ್ಟು ಗುಂಟೆ ಬಿ ಖರಾಬು ಅಂತ ಬಿಡುತ್ತಾರೆ. ಉಳುವ ಹಾಗಿಲ್ಲ, ಬೇಲಿ ಹಾಕುವ ಹಾಗಿಲ್ಲ, ಎಲ್ಲರೂ ಓಡಾಡಬೇಕು. “ಇದು ಕಣಪ್ಪ ಸಾರ್ವಜನಿಕ” ಅಂದರು. ಗೋಮಾಳದ ಲೆಕ್ಕವೂ ಅಷ್ಟೇ, ಕಾಗದದಲ್ಲಿ ಸರ್ಕಾರದ್ದು, ಬಳಕೆಯಲ್ಲಿ ಊರ ದನಕರುಗಳದ್ದು. ಒಡೆತನ ಬೇರೆ, ಬಳಕೆ ಬೇರೆ ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಪದ ಅದನ್ನು ಮುಚ್ಚಿಬಿಟ್ಟಿತ್ತು.

ಹಾಗಾಗಿ ನನ್ನ ಮೊದಲ ಪ್ರಶ್ನೆ. ಬಳಕೆಯ ಅರ್ಥ ಇರುವ ಕಡೆ ‘ಎಲ್ಲರ ಬಳಕೆಯ ವಿಮಾನ ನಿಲ್ದಾಣ’, ಒಡೆತನದ ಅರ್ಥ ಇರುವ ಕಡೆ ನೇರವಾಗಿ ‘ಸರ್ಕಾರಿ ವಿಮಾನ ನಿಲ್ದಾಣ’ ಅಂತ ಬರೆದರೆ ಹೇಗೆ? ‘ಊರೊಟ್ಟಿನ’ ಅನ್ನುವ ಪದ ಕೂಡ ತಲೆಗೆ ಬಂತು. ನಮ್ಮ ಕಡೆ ಊರೊಟ್ಟಿನ ಕೆಲಸ, ಊರೊಟ್ಟಿನ ಹಬ್ಬ ಅನ್ನುತ್ತೇವೆ. ಒಳ್ಳೆಯ ಪದ, ಆದರೆ ಅದರಲ್ಲಿ ಊರಿನವರೇ ಸೇರಿ ಮಾಡಿದ್ದು ಅನ್ನುವ ಭಾವ ಇದೆ, ವಿಮಾನ ನಿಲ್ದಾಣಕ್ಕೆ ಕೂಡುವುದಿಲ್ಲ.

‘ಪ್ರಾದೇಶಿಕ’ ಕೂಡ ತೊಂದರೆಯದೇ. ಪ್ರಾದೇಶಿಕ ಸಾರಿಗೆ ಕಚೇರಿಯ ‘ಪ್ರಾದೇಶಿಕ’ ಎಲ್ಲರಿಗೂ ಗೊತ್ತು, ಅದು ಇಲಾಖೆಯ ಹಂಚಿಕೆ. ವಿಮಾನದ ವಿಷಯದಲ್ಲಿ ಈ ಪದ ಉಡಾನ್ ಯೋಜನೆಯಿಂದ ಹರಡಿದ್ದು, ಅದರ ಇನ್ನೊಂದು ಹೆಸರೇ ಪ್ರಾದೇಶಿಕ ಸಂಪರ್ಕ ಯೋಜನೆ. 2017ರ ಏಪ್ರಿಲ್ 27ಕ್ಕೆ ಶಿಮ್ಲಾ–ದೆಹಲಿ ನಡುವೆ ಅದರ ಮೊದಲ ವಿಮಾನ ಹಾರಿತು. ದೊಡ್ಡ ನಗರಗಳನ್ನು ಬಿಟ್ಟು ಉಳಿದ ಊರುಗಳಿಗೆ ವಿಮಾನ ತರುವುದು ಅದರ ಉದ್ದೇಶ. ಕಾನೂನಿನಲ್ಲಿ ದೊಡ್ಡದಕ್ಕೆ ಮಾತ್ರ ಅಳತೆ ಇದೆ: 2019ರ ತಿದ್ದುಪಡಿ ಆದಮೇಲೆ ವರ್ಷಕ್ಕೆ 35 ಲಕ್ಷಕ್ಕಿಂತ ಜಾಸ್ತಿ ಪ್ರಯಾಣಿಕರಿದ್ದರೆ ‘ಪ್ರಮುಖ ವಿಮಾನ ನಿಲ್ದಾಣ’, ಅಲ್ಲಿನ ದರವನ್ನು ಬೇರೆಯೇ ಪ್ರಾಧಿಕಾರ ಗೊತ್ತುಮಾಡುತ್ತದೆ. ಚಿಕ್ಕದಕ್ಕೆ ಏನನ್ನಬೇಕು? ‘ಸೀಮೆ’ ಅಂದರೆ ಚೆನ್ನಾಗಿರುತ್ತೆ ಅಂದುಕೊಂಡೆ. ಬಯಲುಸೀಮೆ, ನಮ್ಮ ಸೀಮೆ, ಬಾಯಿಗೆ ಹತ್ತಿರದ ಪದ. ಆಮೇಲೆ ಸೀಮೆಎಣ್ಣೆ, ಸೀಮೆಹಸು, ಸೀಮೆಸುಣ್ಣ ಎಲ್ಲ ನೆನಪಾದವು. ಅಲ್ಲಿ ಸೀಮೆ ಅಂದರೆ ಹೊರದೇಶ! ‘ಸೀಮೆ ವಿಮಾನ ನಿಲ್ದಾಣ’ ಅಂದರೆ ವಿದೇಶಕ್ಕೆ ಹೋಗುವ ನಿಲ್ದಾಣ ಅಂತ ಅರ್ಥ ಆದರೂ ಆಶ್ಚರ್ಯವಿಲ್ಲ. ಕೊನೆಗೆ ‘ನಮ್ಮ ಭಾಗದ’ ಅಂತ ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಇನ್ನು ಹಾಸನದ್ದೇ ಮಾತು. ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಗ್ರೀನ್‌ಫೀಲ್ಡ್ ವಿಮಾನ ನಿಲ್ದಾಣಗಳ ಪಟ್ಟಿಯಲ್ಲಿ ಕರ್ನಾಟಕದ ವಿಜಯಪುರ, ಕಲಬುರಗಿ, ಶಿವಮೊಗ್ಗದ ಜೊತೆ ಹಾಸನವೂ ಇತ್ತು. ಕಲಬುರಗಿಯದು 2019ರ ನವೆಂಬರಿನಲ್ಲೇ ಶುರುವಾಯಿತು. ಹಾಸನದ ನಿಲ್ದಾಣಕ್ಕೆ ಗೊತ್ತುಮಾಡಿದ ಜಾಗವಾದ ನಮ್ಮ ಬೂವನಹಳ್ಳಿಯ ಹೆಸರನ್ನು ಚಿಕ್ಕವನಿದ್ದಾಗಿನಿಂದ ಕೇಳುತ್ತಾ ಬಂದಿದ್ದೇನೆ. ದೇವನಹಳ್ಳಿ ನಿಲ್ದಾಣಕ್ಕಾಗಿ 2004ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ, 150 ಕಿಲೋಮೀಟರ್ ಒಳಗೆ 25 ವರ್ಷ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಬಾರದು ಅಂತ ಬರೆದು, ಮೈಸೂರು ಮತ್ತು ಹಾಸನಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದಾರೆ. ಅಷ್ಟು ಹಳೆಯದು ನಮ್ಮ ನಿಲ್ದಾಣದ ಮಾತು.

ಆ ‘ಗ್ರೀನ್‌ಫೀಲ್ಡ್’ ಅನ್ನುವುದನ್ನು ಕೆಲವು ಕಡೆ ‘ಹಸಿರು ವಿಮಾನ ನಿಲ್ದಾಣ’ ಅಂತ ಅನುವಾದ ಮಾಡಿರುವುದು ನೋಡಿದ್ದೇನೆ. ಇದು ಪೂರ್ತಿ ತಪ್ಪು, ಇದನ್ನು ಎಲ್ಲರೂ ಸೇರಿ ನಿಲ್ಲಿಸಬೇಕು. ಹಸಿರು ಅಂದ ತಕ್ಷಣ ಗಿಡಮರ, ಸೋಲಾರ್, ಹೊಗೆ ಇಲ್ಲದ್ದು ಅಂತ ಅನ್ನಿಸುತ್ತದೆ. ಮೂಲದ ಅರ್ಥ ಹಿಂದೆ ಏನೂ ಕಟ್ಟಿರದ ಜಾಗದಲ್ಲಿ ಹೊಸದಾಗಿ ಕಟ್ಟಿದ್ದು, ಅಷ್ಟೇ. ಅಂದರೆ ಬೆಳೆಯ ಹಸಿರು ಹೋಗಿ ಕಾಂಕ್ರೀಟ್ ಬರುವುದಕ್ಕೂ ನಾವು ‘ಹಸಿರು’ ಅಂತ ಹೆಸರಿಡುತ್ತಿದ್ದೇವೆ. ‘ಹೊಸ ಜಾಗದ ವಿಮಾನ ನಿಲ್ದಾಣ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಮೈಸೂರಿನ ಮಂಡಕಳ್ಳಿಯ ಹಾಗೆ ಮೊದಲೇ ಇದ್ದದ್ದನ್ನು ದೊಡ್ಡದು ಮಾಡಿದರೆ ‘ಇದ್ದ ಜಾಗದ’ ಅನ್ನಬಹುದು.

‘ಅಭಿವೃದ್ಧಿ’ಯ ತೊಡಕೂ ಇದಕ್ಕೆ ಹತ್ತಿರದ್ದು. ಇದ್ದದ್ದು ಮೇಲಾದರೆ ಅಭಿವೃದ್ಧಿ. ಇಲ್ಲದ್ದನ್ನು ಮಾಡಿದರೆ ಕಟ್ಟುವುದು. ಕಟ್ಟುವುದು ಅಂತಲೇ ಬರೆಯೋಣ.

‘ನಿರ್ವಹಣೆ’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕೈಪಿಡಿಯಲ್ಲಿ ಮೂರು ಬೇರೆ ಬೇರೆ ಕೆಲಸಗಳಿಗೆ ನಾನು ಈ ಒಂದೇ ಪದ ಹಾಕಿದ್ದೆ. ನಿಲ್ದಾಣವನ್ನು ದಿನದಿನ ನಡೆಸುವುದಕ್ಕೂ ನಿರ್ವಹಣೆ. ಓಡುದಾರಿಯ ಪಕ್ಕದ ಹುಲ್ಲು ಕತ್ತರಿಸುವುದು, ದೀಪ ಬದಲಿಸುವುದು, ಬಿರುಕು ಮುಚ್ಚುವುದು, ಅದಕ್ಕೂ ನಿರ್ವಹಣೆ. (ಹುಲ್ಲು ಚಿಕ್ಕ ವಿಷಯ ಅಲ್ಲ. ಅದು ಬೆಳೆದರೆ ಹುಳ ಬರುತ್ತೆ, ಹುಳಕ್ಕೆ ಹಕ್ಕಿ ಬರುತ್ತೆ, ಹಕ್ಕಿ ಇಂಜಿನ್ನಿಗೆ ಬಡಿಯುತ್ತೆ.) ವಿಮಾನ ಇಳಿದ ಮೇಲೆ ಏಣಿ ಹಚ್ಚುವುದು, ಸಾಮಾನು ಇಳಿಸುವುದು, ಅದಕ್ಕೂ ‘ನೆಲದ ಮೇಲಿನ ನಿರ್ವಹಣೆ’. ಕೆಲಸ ಮಾಡುವವರು ಮಾತ್ರ ಬೇರೆ ಬೇರೆ. ಶಿವಮೊಗ್ಗದಲ್ಲೇ ನೋಡಿ. ನಿಲ್ದಾಣ ನಡೆಸುವುದು ರಾಜ್ಯದ ನಿಗಮ, ವಿಮಾನಗಳಿಗೆ ಆಕಾಶದಲ್ಲಿ ದಾರಿ ಹೇಳುವುದು ಕೇಂದ್ರದ ಪ್ರಾಧಿಕಾರ, ಟಿಕೆಟ್ ಮಾರಿ ಹಾರಿಸುವುದು ವಿಮಾನ ಕಂಪನಿಗಳು. ಒಂದು ದಿನ ಮಂಜು ಮುಸುಕಿ ವಿಮಾನ ಬರಲಿಲ್ಲ ಅಂದರೆ ಜನ ಯಾರನ್ನು ಕೇಳಬೇಕು? ‘ನಿರ್ವಹಣೆಯವರನ್ನು’ ಅಂದರೆ ಅದು ಉತ್ತರವೇ ಅಲ್ಲ.

ಈ ವಿಷಯದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದವರು ನಮಗಿಂತ ಮುಂದೆ ಇದ್ದಾರೆ. ಅಲ್ಲಿ ಧಣಿ ಬೇರೆ, ಮ್ಯಾನೇಜರ್ ಬೇರೆ, ಹಾಜರಿ ಬರೆಯುವ ರೈಟರ್ ಬೇರೆ, ಆಳುಗಳನ್ನು ಕರೆದುಕೊಂಡು ಹೋಗಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಮಾಡಿಸುವ ಮೇಸ್ತ್ರಿ ಬೇರೆ. ತೋಟದಲ್ಲಿ ಏನೋ ಕೆಟ್ಟರೆ ಯಾರನ್ನು ಕೇಳಬೇಕು ಅಂತ ಚಿಕ್ಕ ಹುಡುಗನಿಗೂ ಗೊತ್ತು, ಯಾಕಂದ್ರೆ ಒಬ್ಬೊಬ್ಬರಿಗೂ ಒಂದೊಂದು ಹೆಸರು ಇದೆ. ನಾನು ಸದ್ಯಕ್ಕೆ ‘ನಡೆಸುವುದು’, ‘ಕಾಪಾಡಿಕೊಳ್ಳುವುದು’, ‘ಇಳಿಸಿ ಹತ್ತಿಸುವ ಕೆಲಸ’ ಅಂತ ಮೂರು ಮಾಡಿದ್ದೇನೆ. ದೇವಸ್ಥಾನಗಳಲ್ಲಿ ‘ಪಾರುಪತ್ಯ’ ಅನ್ನುವ ಹಳೆಯ ಪದ ಇದೆ, ನೋಡಿಕೊಳ್ಳುವವರು ಪಾರುಪತ್ಯಗಾರರು. ನನಗೆ ತುಂಬಾ ಇಷ್ಟದ ಪದ. ಆದರೆ ಈಗಿನ ಹುಡುಗರಿಗೆ ಅದು ತಿಳಿಯುವುದಿಲ್ಲ, ಕೈಪಿಡಿಯಲ್ಲಿ ಬಳಸುವ ಧೈರ್ಯ ಬರಲಿಲ್ಲ.

ಕೊನೆಯದಾಗಿ ಚಿಕ್ಕಮಗಳೂರಿನವರಿಗೆ ಒಂದು ಪ್ರಶ್ನೆ. ನಿಮ್ಮಲ್ಲಿ ‘ಏರ್‌ಸ್ಟ್ರಿಪ್’ ಬರಬೇಕು ಅನ್ನುವ ಮಾತು ಆಗಾಗ ಏಳುತ್ತದೆ, ಪತ್ರಿಕೆಯವರು ಅದನ್ನು ‘ಕಿರು ವಿಮಾನ ನಿಲ್ದಾಣ’ ಅನ್ನುತ್ತಾರೆ. ಆದರೆ ಅದು ನಿಲ್ದಾಣದ ಚಿಕ್ಕ ರೂಪ ಅಲ್ಲ. ಸಣ್ಣ ವಿಮಾನ ಇಳಿದು ಏರಲು ಒಂದು ಪಟ್ಟಿ ಜಾಗ, ಪ್ರಯಾಣಿಕರ ಕಟ್ಟಡ ಇರಲೇಬೇಕು ಅಂತಿಲ್ಲ, ದಿನಾ ವಿಮಾನ ಬರಬೇಕು ಅಂತಲೂ ಇಲ್ಲ. ‘ನಿಲ್ದಾಣ’ ಅಂದ ಮೇಲೆ ಜನ ಟಿಕೆಟ್ ತಗೊಂಡು ಹೋಗಬಹುದು ಅಂತ ಆಸೆ ಇಟ್ಟುಕೊಳ್ಳುತ್ತಾರೆ, ಆಮೇಲೆ ಬೇಜಾರಾಗುತ್ತೆ. ನಿಲ್ ಮತ್ತು ತಾಣ ಸೇರಿ ನಿಲ್ದಾಣ ಆಯಿತು, ತಂಗು ಮತ್ತು ತಾಣ ಸೇರಿ ತಂಗುದಾಣ. ಬಸ್ಸಿನ ವಿಷಯದಲ್ಲಿ ನಿಲ್ದಾಣಕ್ಕೂ ತಂಗುದಾಣಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ಅದೇ ದಾರಿಯಲ್ಲಿ ಏರ್‌ಸ್ಟ್ರಿಪ್ಪಿಗೆ ‘ಇಳಿದಾಣ’ ಅನ್ನಬಹುದೇ? ಹಾಳೆಯ ಮೇಲೆ ಸರಿ ಕಾಣುತ್ತದೆ, ಬಾಯಲ್ಲಿ ಹೇಗಿದೆ ಅಂತ ನೀವು ಹೇಳಬೇಕು.

ಶಿವಮೊಗ್ಗ, ಕಲಬುರಗಿ, ಬೀದರಿನ ಗೆಳೆಯರೂ ದಯವಿಟ್ಟು ಬರೆಯಿರಿ. ನಿಮ್ಮೂರಲ್ಲಿ ವಿಮಾನ ಬಂದು ವರ್ಷಗಳಾದವು. ಆಟೋದವರು, ನಿಲ್ದಾಣದ ಪಕ್ಕದ ಹಳ್ಳಿಯವರು ಏನಂತ ಕರೆಯುತ್ತಾರೆ? ನಮ್ಮ ಕಡೆ ವಯಸ್ಸಾದವರು ‘ಇಮಾನ’ ಅಂತಲೇ ಅನ್ನುವುದು. ನಿಮ್ಮಲ್ಲಿ ರೂಢಿಯಾದ ಪದ ಇದ್ದರೆ ನಾನು ಹೊಸದನ್ನು ಕಟ್ಟುವುದಿಲ್ಲ, ಅದನ್ನೇ ಹಾಕುತ್ತೇನೆ.

ಶುಕ್ರವಾರ ದೊಡ್ಡಪ್ಪ ಹಾಸನಕ್ಕೆ ಬರುತ್ತಾರೆ. ತಿದ್ದಿದ ಮೊದಲ ಹಾಳೆಯನ್ನು ಅವರ ಕೈಗೆ ಕೊಟ್ಟು ಮತ್ತೆ ಓದಿಸಬೇಕು ಅಂತಿದ್ದೇನೆ. ಗುರುವಾರ ರಾತ್ರಿಯೊಳಗೆ ನಿಮ್ಮ ಉತ್ತರ ಬಂದರೆ ಉಪಕಾರವಾಗುತ್ತದೆ. ಈಗ ಬರೆದಿಟ್ಟಿರುವ ತಲೆಬರಹ: ‘ನಮ್ಮ ಭಾಗದ, ಎಲ್ಲರ ಬಳಕೆಯ ವಿಮಾನ ನಿಲ್ದಾಣಗಳು: ಕಟ್ಟುವುದು, ನಡೆಸುವುದು’.