ಫೈರ್‌ವಾಲ್ ಆಫ್ ಮಾಡಿದರೆ ಮಾತ್ರ ಫೋಲ್ಡರ್ ಶೇರ್ ಆಗುತ್ತಿದೆ, ಹಾಗೇ ಬಿಡಬಹುದಾ?

ಗುಬ್ಬಿಗೂಡು: ಮನೆಯಲ್ಲಿ ಒಂದು ಡೆಸ್ಕ್‌ಟಾಪ್, ಮಗಳ ಲ್ಯಾಪ್‌ಟಾಪ್. ಎರಡೂ ವಿಂಡೋಸ್ 11. ಡೆಸ್ಕ್‌ಟಾಪಿನ ಫೋಟೋ ಫೋಲ್ಡರ್ ಶೇರ್ ಮಾಡಿದ್ದೇನೆ, ಲ್ಯಾಪ್‌ಟಾಪಿನಲ್ಲಿ ತೆರೆಯುವುದಿಲ್ಲ. ಡೆಸ್ಕ್‌ಟಾಪಿನ ಫೈರ್‌ವಾಲ್ ಆಫ್ ಮಾಡಿದ ತಕ್ಷಣ ತೆರೆಯುತ್ತದೆ! ಆಂಟಿವೈರಸ್ ಇದೆ, ಕಂಡ ಕಂಡ ಲಿಂಕ್ ಒತ್ತುವ ಅಭ್ಯಾಸವೂ ನಮಗಿಲ್ಲ. ಆಫ್ ಇದ್ದರೆ ಏನು ತೊಂದರೆ? ಸುಮ್ನೆ ಹೆದರಿಸಬೇಡಿ, ಕಾರಣ ಹೇಳಿ.

ಹಳೇಮಾನಿಟರ್: ವರ್ಮ್, ಅಂದರೆ ತಾನಾಗೇ ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ಹರಡುವ ವೈರಸ್, ಬರಲು ನೀವು ಏನನ್ನೂ ಒತ್ತಬೇಕಾಗಿಲ್ಲ ಸರ್. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್ ಹರಡಿದಾಗ ನನ್ನ ಹತ್ತಿರ ವಿಂಡೋಸ್ ಎಕ್ಸ್‌ಪಿ ಇತ್ತು. ಹೊಸದಾಗಿ ಇನ್‌ಸ್ಟಾಲ್ ಮಾಡಿ ನೆಟ್‌ಗೆ ಡಯಲ್ ಮಾಡಿದ್ದೆ ಅಷ್ಟೇ, ಬ್ರೌಸರ್ ಕೂಡ ತೆರೆದಿರಲಿಲ್ಲ. 60 ಸೆಕೆಂಡಿನ ಎಣಿಕೆ ಶುರುವಾಯ್ತು, ಮುಗಿದ ಕೂಡಲೇ ರೀಸ್ಟಾರ್ಟ್. ಅದು ನುಗ್ಗುವ ತೂತನ್ನು ಮುಚ್ಚುವ ಪ್ಯಾಚ್ ಜುಲೈನಲ್ಲೇ ಬಂದಿತ್ತು. ಆದರೆ ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ಹೋದರೆ ಮತ್ತೆ ಎಣಿಕೆ! ಕೊನೆಗೆ 'ಶಟ್‌ಡೌನ್ -ಎ' ಹೊಡೆದು ಎಣಿಕೆ ನಿಲ್ಲಿಸಿದೆ, ಎಕ್ಸ್‌ಪಿಯಲ್ಲೇ ಇದ್ದ ಫೈರ್‌ವಾಲ್ ಆನ್ ಮಾಡಿದೆ, ಆಮೇಲೆ ಪ್ಯಾಚ್ ಇಳಿಯಿತು. ಆಗ ಫೈರ್‌ವಾಲ್ ಮೊದಲೇ ಆನ್ ಇರುತ್ತಿರಲಿಲ್ಲ. 2004ರಲ್ಲಿ ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 2 ಎಂಬ ಅಪ್‌ಡೇಟ್ ಬಂದ ಮೇಲೆ ತಾನೇ ಆನ್ ಆಗಿರತೊಡಗಿತು.

ಬ್ಲಾಸ್ಟರ್ ಸಿಕ್ಕ ಸಿಕ್ಕ ಐಪಿ ವಿಳಾಸಗಳ 135ನೇ ಪೋರ್ಟ್, ಅಂದರೆ ನೆಟ್‌ವರ್ಕ್‌ನಿಂದ ಕಂಪ್ಯೂಟರಿಗೆ ಇರುವ ನಂಬರ್ ಹಾಕಿದ ಬಾಗಿಲು, ತಟ್ಟುತ್ತಿತ್ತು. ಅಲ್ಲಿ ಓಡುತ್ತಿರುವ ವಿಂಡೋಸ್ ಸರ್ವಿಸ್‌ನಲ್ಲಿ ತೂತಿದ್ದರೆ ನೇರ ಒಳಗೆ. ನಾವು ಕರೆಯದೆ ಬಂದ ಆ ತಟ್ಟುವಿಕೆಗೆ ಫೈರ್‌ವಾಲ್ ಉತ್ತರವನ್ನೇ ಕೊಡುವುದಿಲ್ಲ. ಆಂಟಿವೈರಸ್ ಹೆಚ್ಚಾಗಿ ಒಳಗೆ ಬಂದ ಫೈಲನ್ನು ನೋಡುತ್ತದೆ. ಇದು ಅದಕ್ಕಿಂತ ಮುಂಚಿನ ಹೆಜ್ಜೆ.

ಗುಬ್ಬಿಗೂಡು: ಅದು ಡಯಲ್ ಕಾಲ. ಈಗ ರೂಟರ್ ಇದೆಯಲ್ವಾ?

ಹಳೇಮಾನಿಟರ್: ಇದೆ, ಹೊರಗಿನಿಂದ ತಟ್ಟುವವರನ್ನು ಬಹುಪಾಲು ಅದೇ ತಡೆಯುತ್ತದೆ. ಆದರೆ ಮಗಳ ಲ್ಯಾಪ್‌ಟಾಪ್ ಕಾಲೇಜಿಗೂ ಹೋಗುತ್ತದೆ ತಾನೇ? ಅಲ್ಲಿಂದ ಏನಾದರೂ ಅಂಟಿಸಿಕೊಂಡು ಬಂದರೆ ಅದು ರೂಟರಿನ ಒಳಗಡೆಯೇ ಇರುತ್ತದೆ. 2017ರ ಮೇ 12ರಂದು ಶುರುವಾದ ವಾನಾಕ್ರೈ ವರ್ಮ್ ಹೀಗೇ ಒಂದು ಮೆಷಿನ್‌ನಿಂದ ಪಕ್ಕದ್ದಕ್ಕೆ ಹಾರುತ್ತಿತ್ತು, 445ನೇ ಪೋರ್ಟ್‌ನಲ್ಲಿ. ನಿಮ್ಮ ಫೋಟೋ ಫೋಲ್ಡರ್ ಶೇರ್ ಆಗುವುದೂ ಅದೇ ಪೋರ್ಟ್‌ನಲ್ಲಿ!

ತಂತಿಬೇಲಿ: ಕಥೆ ಆಯ್ತು, ರಿಪೇರಿಗೆ ಬರೋಣ. ಡೆಸ್ಕ್‌ಟಾಪಿನಲ್ಲಿ ನಿಮ್ಮ ವೈಫೈ 'ಪಬ್ಲಿಕ್' ಅಂತ ಇರಬಹುದು, ಅದಕ್ಕೇ ಫೈರ್‌ವಾಲ್ ಶೇರಿಂಗ್ ತಡೆಯುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಪ್ರಾಪರ್ಟೀಸ್‌ಗೆ ಹೋಗಿ 'ಪ್ರೈವೇಟ್' ಮಾಡಿ. ಪ್ರೈವೇಟ್ ನೆಟ್‌ವರ್ಕ್‌ಗೆ ಮಾತ್ರ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿ. ಫೈರ್‌ವಾಲ್ ಆನ್ ಇರಲಿ. ಕಾಲೇಜಿನ ವೈಫೈ ಲ್ಯಾಪ್‌ಟಾಪಿನಲ್ಲಿ ಪಬ್ಲಿಕ್ ಆಗೇ ಇರಲಿ, ಅದನ್ನು ಮುಟ್ಟಬೇಡಿ. ಹಾಗೇ ವಿಂಡೋಸ್ ಫೀಚರ್ಸ್‌ನಲ್ಲಿ ಎಸ್‌ಎಂಬಿ 1ಕ್ಕೆ (ಫೈಲ್ ಶೇರಿಂಗ್‌ನ ಹಳೇ ವಿಧಾನ) ಟಿಕ್ ಇದ್ದರೆ ತೆಗೆಯಿರಿ. ವಾನಾಕ್ರೈ ನುಗ್ಗಿದ್ದೇ ಆ ಹಳೇ ಬಾಗಿಲಿನಿಂದ.

ಗುಬ್ಬಿಗೂಡು: ಪಬ್ಲಿಕ್ ಅಂತಲೇ ಇತ್ತು! ಬದಲಾಯಿಸಿದೆ, ಫೈರ್‌ವಾಲ್ ಆನ್ ಇದ್ದೂ ಫೋಲ್ಡರ್ ತೆರೆಯುತ್ತಿದೆ. ಎಸ್‌ಎಂಬಿ 1ಕ್ಕೂ ಟಿಕ್ ಇತ್ತು, ಹಳೇ ಟಿವಿಗೆ ಅಂತ ಯಾವಾಗಲೋ ನಾನೇ ಹಾಕಿದ್ದು. ತೆಗೆದೆ. ಈಗ ಟಿವಿಯಲ್ಲಿ ಫೋಟೋ ಬರುತ್ತಿಲ್ಲ. ಅದಕ್ಕೆ ಪೆನ್‌ಡ್ರೈವ್ ಸಾಕು ಬಿಡಿ.