‘ಹ್ಯಾಂಗ್ ಆಗುವುದು’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದ ಸಾಕೇ?

ಮಾನ್ಯರೇ,

ಲಿನಕ್ಸ್ ಗಣಕದಲ್ಲಿ ವಿಂಡೋಸ್ ತಂತ್ರಾಂಶಗಳನ್ನು ನಡೆಸಲು ನೆರವಾಗುವ ವೈನ್ ಕುರಿತು ಕನ್ನಡದಲ್ಲಿ ಸಹಾಯಪುಟವೊಂದನ್ನು ಬರೆಯುತ್ತಿದ್ದೇನೆ. ಕನ್ನಡದ ಹಳೆಯ ಬೆರಳಚ್ಚು ತಂತ್ರಾಂಶಗಳಲ್ಲಿ ಹಲವು ವಿಂಡೋಸ್‌ಗೆಂದೇ ಸಿದ್ಧವಾದವುಗಳಾದ್ದರಿಂದ, ಲಿನಕ್ಸ್‌ಗೆ ಬಂದ ನಮ್ಮವರಿಗೆ ಇದರ ಅಗತ್ಯ ಬೀಳುತ್ತದೆ. ತೊಡಕಿರುವುದು ‘ತಂತ್ರಾಂಶ ತೆರೆಯುವಾಗಲೇ ಹ್ಯಾಂಗ್ ಆದರೆ’ ಎಂಬ ಭಾಗದಲ್ಲಿ.

ಮಾತಿನಲ್ಲಿ ಎಲ್ಲರೂ ‘ಹ್ಯಾಂಗ್ ಆಯಿತು’ ಎನ್ನುತ್ತೇವೆ. ಅದನ್ನು ಉಳಿಸಿಕೊಳ್ಳಲು ನನ್ನ ತಕರಾರಿಲ್ಲ. (‘ನೇತಾಡುತ್ತಿದೆ’ ಎಂಬ ಅನುವಾದವನ್ನು ಯಾರೂ ಸೂಚಿಸಲಾರರೆಂದು ನಂಬಿದ್ದೇನೆ.) ‘ಪ್ರತಿಕ್ರಿಯಿಸುತ್ತಿಲ್ಲ’ ಎಂದರೆ ಹೊರಗೆ ಕಾಣುವ ಲಕ್ಷಣವನ್ನಷ್ಟೇ ಹೇಳಿದಂತಾಗುತ್ತದೆ. ‘ಸ್ತಬ್ಧವಾಗಿದೆ’ ಎಂಬುದು ಕಿವಿಗೆ ಹಿತವಾಗಿದ್ದರೂ ಎಷ್ಟೋ ಸಲ ನಿಜವಲ್ಲ. ಏಕೆಂದರೆ ಪರದೆ ಅಲುಗದಿದ್ದರೂ ಒಳಗೆ ಪ್ರೊಸೆಸರ್ ಪೂರ್ತಿ ದುಡಿಯುತ್ತ, ಫ್ಯಾನಿನ ಸದ್ದು ಏರುತ್ತಲೇ ಇರಬಹುದು. ಈ ಸ್ಥಿತಿಗೆ ‘ಗಾಣ ಸುತ್ತುತ್ತಿದೆ’ ಎನ್ನುವುದೇ ಸರಿಯೆಂದು ನನಗನ್ನಿಸುತ್ತದೆ.

ಇದಕ್ಕೆ ತದ್ವಿರುದ್ಧವಾದುದು ಕಾಯುವ ಸ್ಥಿತಿ. ವೈನ್ ಮೊದಲ ಸಲ ಓಡಿದಾಗ ಬಳಕೆದಾರರ ಮನೆಕೋಶದಲ್ಲಿ ತನ್ನದೇ ಒಂದು ಸಿ ಡ್ರೈವ್ ಕಟ್ಟಿಕೊಳ್ಳುತ್ತದೆ. ಮೋನೋ, ಗೆಕೋ ಎಂಬ ಪೂರಕ ಘಟಕಗಳು ಇಲ್ಲದಿದ್ದರೆ ಅವನ್ನು ಸ್ಥಾಪಿಸಲೇ ಎಂದು ಕೇಳುತ್ತದೆ. ಆ ಪ್ರಶ್ನೆಯ ಕಿಟಕಿ ಬೇರೊಂದು ಕಿಟಕಿಯ ಹಿಂದೆ ಅಡಗಿದ್ದರೆ ನಾವು ಅದನ್ನು ಕಾಯುತ್ತೇವೆ, ಅದು ನಮ್ಮನ್ನು ಕಾಯುತ್ತದೆ. ಯಾವ ತಂತ್ರಾಂಶ ಪ್ರೊಸೆಸರನ್ನು ಎಷ್ಟು ಬಳಸುತ್ತಿದೆಯೆಂದು ತೋರಿಸುವ ಟಾಪ್ ಆದೇಶ ಕೊಟ್ಟು ನೋಡಿದರೆ ಪ್ರೊಸೆಸರ್ ಬಳಕೆ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಇಲ್ಲಿ ‘ಕಾದು ನಿಂತಿದೆ’ ಎಂದು ಬರೆದರೆ, ಏನು ಮಾಡಬೇಕೆಂಬುದು ಓದುಗರಿಗೆ ಅರ್ಧ ಹೊಳೆದಂತೆಯೇ.

ನಿಜವಾದ ಪ್ರಶ್ನೆ ಇನ್ನೊಂದು ಬಗೆಯ ಕಾಯುವಿಕೆಯದು. ಒಂದೇ ತಂತ್ರಾಂಶದೊಳಗೆ ಜೊತೆಜೊತೆಯಾಗಿ ಸಾಗುವ ಕೆಲಸದ ಸರಣಿಗಳನ್ನು ಥ್ರೆಡ್ ಎನ್ನುತ್ತಾರೆ. ವೈನ್‌ನ ದೋಷಸಂದೇಶಗಳಲ್ಲಿ ಒಂದು ಹೀಗಿದೆ: ಇಂಥ ಥ್ರೆಡ್ ಕಾಯುವ ಅವಧಿ ಮೀರಿದೆ, ಇಂಥ ಇನ್ನೊಂದು ಥ್ರೆಡ್ ಅದನ್ನು ತಡೆದಿದೆ, ಮತ್ತೆ ಪ್ರಯತ್ನ (60 ಸೆಕೆಂಡು). ಎರಡು ಥ್ರೆಡ್‌ಗಳು ತಮ್ಮ ತಮ್ಮ ಬೀಗವನ್ನು (ಹಂಚಿಕೊಂಡ ದತ್ತಾಂಶವನ್ನು ಒಮ್ಮೆಗೆ ಒಂದೇ ಥ್ರೆಡ್ ಮುಟ್ಟುವಂತೆ ಕಾಯುವ ಏರ್ಪಾಡನ್ನು) ಬಿಡದೆ, ಒಂದರ ಬೀಗಕ್ಕಾಗಿ ಇನ್ನೊಂದು ಕಾಯುತ್ತ ಕುಳಿತರೆ ಎಷ್ಟು ಹೊತ್ತು ಕಾದರೂ ಬಿಡುಗಡೆಯಿಲ್ಲ. ವೈನ್‌ಸರ್ವರ್ ಆದೇಶವನ್ನು ‘-ಕೆ’ ಆಯ್ಕೆಯೊಡನೆ ಕೊಟ್ಟು ಎಲ್ಲವನ್ನೂ ಕೊನೆಗೊಳಿಸಬೇಕಾಗುತ್ತದೆ. ಡೆಡ್‌ಲಾಕ್ ಎನ್ನುವ ಈ ಸ್ಥಿತಿಯನ್ನು ‘ಬಿಕ್ಕಟ್ಟು’ ಎಂದರೆ ರಾಜಕೀಯದ ವಾಸನೆ ಬರುತ್ತದೆ. ಥ್ರೆಡ್ ಅನ್ನು ‘ಎಳೆ’ ಎಂದು ಕರೆಯುವುದಾದರೆ, ಎಳೆಗಳು ಸಿಕ್ಕುಬಿದ್ದು ಬಿಚ್ಚಲಾಗದಂತಾಗುವುದಕ್ಕೆ ‘ಕಗ್ಗಂಟು’ ಎಂಬ ಪದ ನಮ್ಮಲ್ಲಿ ಮೊದಲೇ ಇದೆಯಲ್ಲ! ‘ಎಳೆಗಳು ಕಗ್ಗಂಟಾಗಿವೆ’ ಎಂದು ಬರೆದರೆ ತಾಂತ್ರಿಕ ಓದುಗರಿಗೆ ಒಪ್ಪಿಗೆಯಾದೀತೇ, ಅಥವಾ ಅದು ಬರೀ ‘ಜಟಿಲ ಸಮಸ್ಯೆ’ ಎಂಬ ಅರ್ಥಕ್ಕೆ ಜಾರಿಬಿಡುತ್ತದೆಯೇ?

ಜೊತೆಗೆ ಒಂದು ಚಿಕ್ಕ ಪ್ರಶ್ನೆ. ಮೇಲೆ ಹೇಳಿದ ಸಿ ಡ್ರೈವ್ ಇರುವ ಕಡತಕೋಶವನ್ನು ವೈನ್ ಬಳಗದವರು ಪ್ರಿಫಿಕ್ಸ್ ಎನ್ನುತ್ತಾರೆ. ನಿಘಂಟು ನೋಡಿ ‘ಪೂರ್ವಪ್ರತ್ಯಯ’ ಎಂದು ಬರೆದರೆ ಓದುಗರು ವ್ಯಾಕರಣ ಪುಸ್ತಕ ಹುಡುಕಿಯಾರು. ಸದ್ಯಕ್ಕೆ ‘ವೈನ್ ನೆಲೆ’ ಎಂದು ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಪ್ಪುವ ಪದ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.