ಸಿ ಭಾಷೆಯ ವೊಲಟೈಲ್ ಪದದ ಬಗ್ಗೆ ಕೇಳಿ: ಫರ್ಮ್‌ವೇರ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಹೊಸಚಿಗುರು: ಮೇಡಂ, ಇಂಟರಪ್ಟ್ (ಮೇನ್ ಅನ್ನು ನಡುವೆ ತಡೆದು ಓಡುವ ಕೋಡ್) ಒಳಗೆ ಫ್ಲ್ಯಾಗ್ 1 ಮಾಡುತ್ತೇನೆ. ಮೇನ್‌ನಲ್ಲಿರುವ ವೈಲ್ ಲೂಪ್ ಮುಗಿಯುವುದೇ ಇಲ್ಲ. ಕಂಪೈಲರ್‌ನ ಆಪ್ಟಿಮೈಸೇಷನ್ ತೆಗೆದರೆ ಸರಿಯಾಗುತ್ತದೆ.

ಎಂಜಿನಿಯರ್: ಲೂಪಿನೊಳಗೆ ಯಾರೂ ಫ್ಲ್ಯಾಗ್ ಬದಲಿಸುತ್ತಿಲ್ಲ ಎಂದು ಕಂಪೈಲರ್ ತಿಳಿಯುತ್ತದೆ. ಒಮ್ಮೆ ರಿಜಿಸ್ಟರ್‌ಗೆ (ಪ್ರೊಸೆಸರ್ ಒಳಗಿನ ಚಿಕ್ಕ ಜಾಗ) ಓದಿಕೊಂಡು ಅದನ್ನೇ ನೋಡುತ್ತಿರುತ್ತದೆ. ಫ್ಲ್ಯಾಗ್ ಘೋಷಿಸುವಾಗ ವೊಲಟೈಲ್ ಹಾಕಿದರೆ ಪ್ರತಿ ಸಲವೂ ಹೊಸದಾಗಿ ಓದಲೇಬೇಕು. ಹಾಕಿ.

ಬೈಟ್‌ಬುಟ್ಟಿ: ನನ್ನದು 8 ಬಿಟ್ ಮೈಕ್ರೋಕಂಟ್ರೋಲರ್, 16 ಬಿಟ್ ಕೌಂಟರ್. ಟೈಮರ್ ಇಂಟರಪ್ಟ್ ಅದನ್ನು ಏರಿಸುತ್ತದೆ. ಮೇನ್ ಅದನ್ನು ಓದಿ, ಮಿತಿ ಮುಟ್ಟಿದರೆ ಮೋಟರ್ ನಿಲ್ಲಿಸುತ್ತದೆ. ವೊಲಟೈಲ್ ಹಾಕಿದ್ದೇನೆ. ಆದರೂ ಅಪರೂಪಕ್ಕೊಮ್ಮೆ ಮೋಟರ್ ಬೇಗ ನಿಲ್ಲುತ್ತದೆ.

ಎಂಜಿನಿಯರ್: ಮೊದಲು ಮೋಟರ್‌ನ ಪವರ್ ತೆಗೆಯಿರಿ, ಆಮೇಲೆ ಈ ಉತ್ತರ ಓದಿ. ಈ ಚಿಪ್ 16 ಬಿಟ್ ಅನ್ನು ಎರಡು ಸಲಕ್ಕೆ ಓದುತ್ತದೆ. ಕೌಂಟರ್ 255 ಇದೆ ಅಂದುಕೊಳ್ಳಿ. ಕೆಳಗಿನ ಬೈಟ್ ಓದಿದಿರಿ, 255 ಸಿಕ್ಕಿತು. ಅಷ್ಟರಲ್ಲಿ ಇಂಟರಪ್ಟ್ ಬಂದು ಕೌಂಟರ್ 256 ಆಯಿತು. ಈಗ ಮೇಲಿನ ಬೈಟ್ 1, ಅಂದರೆ 256. ಎರಡೂ ಸೇರಿ ನಿಮ್ಮ ಕೈಗೆ ಬಂದದ್ದು 511! ಅದಕ್ಕೇ ಮೋಟರ್ ಬೇಗ ನಿಲ್ಲುವುದು. ಓದುವ ಕ್ರಮ ತಿರುಗುಮುರುಗಾದರೆ 0 ಬರುತ್ತದೆ, ಆಗ ಮೋಟರ್ ನಿಲ್ಲುವುದು ತಡವಾಗಬಹುದು. ನನಗೆ ಭಯ ಅದೇ. ಇಂಟರಪ್ಟ್ ಸ್ಥಿತಿ ಉಳಿಸಿಕೊಳ್ಳಿ, ಇಂಟರಪ್ಟ್ ನಿಲ್ಲಿಸಿ, ಕೌಂಟರನ್ನು ಲೋಕಲ್ ವೇರಿಯಬಲ್‌ಗೆ ಕಾಪಿ ಮಾಡಿ, ಹಳೆಯ ಸ್ಥಿತಿ ಮರಳಿಸಿ. ಹೋಲಿಕೆಯೆಲ್ಲ ಆ ಕಾಪಿಯ ಮೇಲೆ.

ಮೂರನೇಲೂಪ್: ಒಂದು ಫಾರ್ವರ್ಡ್ ಬಂದಿದೆ: "ಎಲ್ಲ ಗ್ಲೋಬಲ್‌ಗೂ ವೊಲಟೈಲ್ ಹಾಕಿ, ಥ್ರೆಡ್ ಬಗ್ ಮಾಯ." ಸರಿನಾ?

ಎಂಜಿನಿಯರ್: ತಪ್ಪು. ದಯವಿಟ್ಟು ಹಂಚಬೇಡಿ. ವೊಲಟೈಲ್ ಲಾಕ್ ಅಲ್ಲ. ಎರಡು ಥ್ರೆಡ್ (ಒಂದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ಓಡುವ ಎಳೆಗಳು) ಒಟ್ಟಿಗೆ ++ ಮಾಡಿದರೆ ಒಂದು ಏರಿಕೆ ಕಳೆದುಹೋಗಬಹುದು. ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಥ್ರೆಡ್ ಬಿಡುವ ಲಾಕ್) ಬಳಸಿ, ಇಲ್ಲವೇ ಸಿ ಭಾಷೆಯ ಸಿ11 ಆವೃತ್ತಿಯಲ್ಲಿ ಬಂದ ಅಟಾಮಿಕ್ (ನಡುವೆ ತುಂಡಾಗದ ಓದು-ಬರಹ).

ಹಳೇಕೋಡು: ಜಾವಾದಲ್ಲಿ ವೊಲಟೈಲ್ ಇರುವುದೇ ಥ್ರೆಡ್‌ಗಾಗಿ.

ಬೈಟ್‌ಬುಟ್ಟಿ: ಇಲ್ಲಿ ಮಾತು ಸಿ ಬಗ್ಗೆ. ಜಾವಾದಲ್ಲೂ ವೊಲಟೈಲ್ ++ ಅನ್ನು ಕಾಪಾಡುವುದಿಲ್ಲ.

ಹಳೇಕೋಡು: 10 ವರ್ಷದಿಂದ ಸಿಯಲ್ಲೂ ಹೀಗೇ ಬರೆಯುತ್ತಿದ್ದೇನೆ. ಏನೂ ಆಗಿಲ್ಲ.

ಬೈಟ್‌ಬುಟ್ಟಿ: ಆಗಿದ್ದು ನಿಮಗೆ ಗೊತ್ತಾಗಿಲ್ಲ, ಅಷ್ಟೆ.

ಹಳೇಕೋಡು: ಮೊದಲು ಮಾತಾಡುವುದು ಕಲಿಯಿರಿ.

ಪಾಯಿಂಟರ್‌ಪಯಣ: ಮೇಡಂ, ಸೆಟ್‌ಜಂಪ್ (ಮರಳುವ ಜಾಗ ಗುರುತಿಡುವುದು) ಆದಮೇಲೆ ಬದಲಿಸಿದ ಲೋಕಲ್ ವೇರಿಯಬಲ್ ಲಾಂಗ್‌ಜಂಪ್ (ಆ ಜಾಗಕ್ಕೆ ಜಿಗಿಯುವುದು) ನಂತರ ಹಳೆಯ ಬೆಲೆ ತೋರಿಸುತ್ತಿದೆ. ಅಲ್ಲೂ ವೊಲಟೈಲ್ ಬೇಕಾ?

ಮೂರನೇಲೂಪ್: ನನ್ನ ಫ್ಲ್ಯಾಗ್ ಲೂಪ್ ಕೂಡ ಮುಗಿಯುತ್ತಿಲ್ಲ.

ಎಂಜಿನಿಯರ್: ಮೊದಲ ಉತ್ತರ ಓದಿ.

ಪಾಯಿಂಟರ್‌ಪಯಣ: ಮೇಡಂ, ನನ್ನ ಪ್ರಶ್ನೆ?

ಬೈಟ್‌ಬುಟ್ಟಿ: ಮೇನ್‌ನಲ್ಲಿ ಕಾಪಿ ಮಾಡಿದೆ, ಸರಿಹೋಯಿತು. ಡಿಸ್‌ಪ್ಲೇ ಫಂಕ್ಷನ್ ಇನ್ನೂ ನೇರವಾಗಿ ಓದುತ್ತದೆ. ಅದು ಸುಮ್ನೆ ತೋರಿಸಲಿಕ್ಕೆ ಮಾತ್ರ, ಪರವಾಗಿಲ್ಲ ಅಲ್ವಾ?

ಎಂಜಿನಿಯರ್: ಇಲ್ಲ. ನಾಳೆ ಯಾರೋ ಅದನ್ನೇ ನೋಡಿ ಇನ್ನೊಂದು ಕಡೆ ನೇರವಾಗಿ ಓದುತ್ತಾರೆ. ಕೌಂಟರನ್ನು ಸ್ಟ್ಯಾಟಿಕ್ ಮಾಡಿ ಟೈಮರ್ ಫೈಲಿನೊಳಗೇ ಇಡಿ. ಓದಲು ಒಂದೇ ಫಂಕ್ಷನ್ ಕೊಡಿ. ಮಾಡಿದ ಮೇಲೆ ಕೋಡ್ ಇಲ್ಲಿ ಹಾಕಿ, ನಾನು ನೋಡುವವರೆಗೆ ಮೋಟರ್‌ಗೆ ಪವರ್ ಕೊಡಬೇಡಿ.